ವಿದ್ಯೆ ಹೊಣೆಯಾಗುವ ವರ್ಷ

ನಾಲ್ಕೂವರೆ ವರ್ಷಗಳ ವ್ಯಾಸಂಗವನ್ನು ಮುಗಿಸಿ ಅಂತಿಮ ಎಂ.ಬಿ.ಬಿ.ಎಸ್. ಪರೀಕ್ಷೆಯಲ್ಲಿ ಉತ್ತೀರ್ಣರಾದ ತರುಣ ತರುಣಿಯರು ತಮ್ಮ ಊರಿನವರ ಪಾಲಿಗೆ ಅಂದಿನಿಂದಲೇ ಡಾಕ್ಟರಾಗಿಬಿಡುವರಾದರೂ, ಕಾನೂನು ಅವರನ್ನು ಇನ್ನೂ ಒಂದು ವರ್ಷ ಕಾಯಿಸುತ್ತದೆ. ಕರ್ನಾಟಕ ವೈದ್ಯಕೀಯ ಪರಿಷತ್ತು ಅವರಿಗೆ ಮೊದಲು ಕೊಡುವುದು ತಾತ್ಕಾಲಿಕ ನೋಂದಣಿಯನ್ನು ಮಾತ್ರ. ಅದರ ಬಲದಿಂದ ಅವರು ರೋಗಿಯನ್ನು ಪರೀಕ್ಷಿಸಬಹುದು, ಹಿರಿಯರ ಮಾರ್ಗದರ್ಶನದಲ್ಲಿ ಚಿಕಿತ್ಸೆ ಮಾಡಬಹುದು. ಆದರೆ ತಮ್ಮದೇ ರುಜು ಹಾಕಿ ಮರಣ ಪ್ರಮಾಣಪತ್ರವನ್ನಾಗಲಿ, ಪೊಲೀಸರಿಗೂ ನ್ಯಾಯಾಲಯಕ್ಕೂ ಹೋಗತಕ್ಕ ದಾಖಲೆಯನ್ನಾಗಲಿ ಕೊಡುವಂತಿಲ್ಲ. ಕಾಗದಪತ್ರಗಳಲ್ಲಿ ಇಂಟರ್ನ್‌ಶಿಪ್ ಎಂದೂ, ಹಳಬರ ಮಾತಿನಲ್ಲಿ ಹೌಸ್ ಸರ್ಜನ್ಸಿ ಎಂದೂ ಕರೆಯಲ್ಪಡುವ ಈ ವರ್ಷವನ್ನು ವೈದ್ಯಶಿಕ್ಷಣಕ್ಕೆ ಅಂಟಿಸಿದ ಒಂದು ಅನುಬಂಧವೆಂದು ಭಾವಿಸುವವರೇ ಹೆಚ್ಚು. ನನಗಾದರೋ ಅದೇ ಆ ಶಿಕ್ಷಣದ ತಿರುಳೆಂದು ತೋರುತ್ತದೆ. ಆ ತಿರುಳು ನಮ್ಮ ಕಣ್ಣೆದುರಿಗೇ ಸವೆಯುತ್ತಿರುವುದು ನನ್ನನ್ನು ಈ ಲೇಖನಕ್ಕೆ ಪ್ರೇರಿಸಿದೆ.

ಈ ಪದ್ಧತಿ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಹಿರಿಯ ಶಸ್ತ್ರವೈದ್ಯನ ಹಿಂದೆ ಒಬ್ಬ ತರುಣನು ಗಾಯ ಕಟ್ಟುತ್ತ, ರಾತ್ರಿ ಬಂದ ಅಪಘಾತಗಳನ್ನು ನೋಡಿಕೊಳ್ಳುತ್ತ ವಿದ್ಯೆ ಕಲಿಯುವ ಸಂಪ್ರದಾಯ ಬಹು ಹಿಂದಿನಿಂದಲೂ ಇತ್ತು. ಕವಿ ಜಾನ್ ಕೀಟ್ಸ್ 1816ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಇಂಥ ಗಾಯ ಕಟ್ಟುವ ಸಹಾಯಕನಾಗಿದ್ದವನೇ. ಶಸ್ತ್ರಚಿಕಿತ್ಸೆಯನ್ನು ಕೀವಿನಿಂದ ಬಿಡಿಸಿದ ಜೋಸೆಫ್ ಲಿಸ್ಟರ್ ಎಡಿನ್‌ಬರೋದಲ್ಲಿ ಹಿರಿಯ ಶಸ್ತ್ರವೈದ್ಯ ಜೇಮ್ಸ್ ಸೈಮನ ಕೈಕೆಳಗೆ ಹೌಸ್ ಸರ್ಜನ್ ಆಗಿ ದುಡಿದವನು. ಆದರೆ ಇಚ್ಛೆಯುಳ್ಳವರು ಕೈಕೊಳ್ಳುತ್ತಿದ್ದ ಈ ಸೇವೆ ಎಲ್ಲರಿಗೂ ಕಡ್ಡಾಯವಾದದ್ದು ಬಹಳ ಈಚೆಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಗುಡ್‌ಇನಫ್ ಸಮಿತಿ 1944ರಲ್ಲಿ ಮಾಡಿದ ಶಿಫಾರಸನ್ನು 1950ರ ವೈದ್ಯಕೀಯ ಕಾನೂನು ಅಂಗೀಕರಿಸಿ, 1953ರಿಂದ ಆಸ್ಪತ್ರೆಯ ಒಂದು ವರ್ಷವನ್ನು ಪೂರೈಸದವರಿಗೆ ಪೂರ್ಣ ನೋಂದಣಿಯಿಲ್ಲವೆಂದು ವಿಧಿಸಿತು. ಅಮೆರಿಕದಲ್ಲಿ ಮುಂದೆ ವಿಕಿರಣಶಾಸ್ತ್ರವನ್ನೋ ಚರ್ಮರೋಗವನ್ನೋ ಅರಿವಳಿಕೆಯನ್ನೋ ಆರಿಸಿಕೊಳ್ಳುವವರಲ್ಲಿ ಅನೇಕರು ಮೊದಲು ಒಂದು ವರ್ಷ ಹಲವು ವಿಭಾಗಗಳಲ್ಲಿ ಸುತ್ತಿ ಬರುತ್ತಾರೆ. ಆ ಸಂಕ್ರಮಣ ವರ್ಷದಲ್ಲಿ ನಮ್ಮ ಮೈಸೂರು ಹುಬ್ಬಳ್ಳಿಗಳಲ್ಲಿ ಓದಿ ಹೋದವರೂ ಉಂಟು.

ನಮ್ಮ ದೇಶದಲ್ಲಿ ಇದರ ಹಿಂದೆ ಇನ್ನೂ ದೊಡ್ಡದೊಂದು ಆಶಯವಿತ್ತು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾದ ಸಮಿತಿ 1946ರಲ್ಲಿ ತನ್ನ ವರದಿಯನ್ನು ಒಪ್ಪಿಸಿದಾಗ, ಕಾಯಿಲೆಯಾದ ಮೇಲೆ ಮದ್ದು ಕೊಡುವವನಷ್ಟೇ ವೈದ್ಯನಲ್ಲ, ಜನರ ನಡುವೆ ನಿಂತು ಕಾಯಿಲೆ ಬಾರದಂತೆ ನೋಡಿಕೊಳ್ಳುವವನೂ ಅವನೇ ಎಂಬ ನಂಬಿಕೆಯಿಂದ, ರೋಗನಿವಾರಣೆಯಲ್ಲಿಯೂ ಸಮಾಜವೈದ್ಯದಲ್ಲಿಯೂ ಮೂರು ತಿಂಗಳ ತರಬೇತಿ ಇರಬೇಕೆಂದು ಸೂಚಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರಲ್ಲಿ ಹೊರಡಿಸಿದ ನಿಯಮಾವಳಿ ಸಮುದಾಯ ವೈದ್ಯಕ್ಕೆ ಹನ್ನೆರಡು ವಾರಗಳನ್ನು ಮೀಸಲಿಟ್ಟಿರುವುದರಲ್ಲಿ ಆ ಹಳೆಯ ಸಂಕಲ್ಪದ ನೆರಳನ್ನು ಕಾಣಬಹುದು. ಉಳಿದಂತೆ ಸಾಮಾನ್ಯ ವೈದ್ಯವಿಭಾಗಕ್ಕೂ ಶಸ್ತ್ರಚಿಕಿತ್ಸೆಗೂ ಆರಾರು ವಾರಗಳು, ಹೆರಿಗೆ ಮತ್ತು ಸ್ತ್ರೀರೋಗಕ್ಕೆ ಏಳು. ಮಕ್ಕಳ ವಿಭಾಗ, ಮೂಳೆ, ಕಣ್ಣು, ಕಿವಿ, ಮನೋರೋಗ, ತುರ್ತುಚಿಕಿತ್ಸೆ ಮೊದಲಾದವು ಮಿಕ್ಕ ಕಾಲವನ್ನು ಹಂಚಿಕೊಳ್ಳುತ್ತವೆ.

ವಾರಗಳ ಈ ಪಟ್ಟಿಯನ್ನು ಓದಿದವರಿಗೆ ಆ ವರ್ಷದ ಸ್ವರೂಪ ತಿಳಿಯಲಾರದು. ಅದನ್ನು ತಿಳಿಯಬೇಕಾದರೆ ಮುಂಗಾರು ಹಿಡಿದು ಹೊಲದ ಕೆಲಸ ಭರದಿಂದ ಸಾಗುವ ದಿನಗಳಲ್ಲಿ ಜಿಲ್ಲಾಸ್ಥಳದ ಯಾವುದಾದರೊಂದು ಬೋಧನಾ ಆಸ್ಪತ್ರೆಯ ಕ್ಯಾಸುವಾಲಿಟಿಯಲ್ಲಿ ಒಂದು ರಾತ್ರಿ ನಿಲ್ಲಬೇಕು. ಬದುವಿನ ಮೇಲೆ ಕೊಳಕುಮಂಡಲ ಕಚ್ಚಿದ ರೈತನನ್ನು ಕರೆತಂದಿದ್ದಾರೆ. ಪಾದ ಊದಿದೆ, ಮೊಣಕಾಲ ಕೆಳಗೆ ಬಿಗಿದಿದ್ದ ಟವೆಲ್ಲನ್ನು ಸಿಸ್ಟರ್ ಎಚ್ಚರದಿಂದ ಸಡಿಲಿಸುತ್ತಿದ್ದಾರೆ. ಹೌಸ್ ಸರ್ಜನ್ ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ ಶುಭ್ರವಾದ ಗಾಜಿನ ನಳಿಕೆಯೊಂದಕ್ಕೆ ಬಿಟ್ಟು, ಅದನ್ನು ಅಲುಗಿಸದೆ ಇಪ್ಪತ್ತು ನಿಮಿಷ ನಿಲ್ಲಿಸಿ, ಬಳಿಕ ಒಮ್ಮೆ ಮೆಲ್ಲನೆ ವಾಲಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದುಬಂದರೆ ವಿಷ ಒಳಗೆ ಕೆಲಸಮಾಡುತ್ತಿದೆಯೆಂದೇ ಅರ್ಥ. ಸಾಬೂನಿನ ಪುಡಿಯಲ್ಲಿ ತೊಳೆದ ನಳಿಕೆಯಲ್ಲಿ ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದಾದ ಕಾರಣ, ಆ ನಳಿಕೆ ಎಲ್ಲಿಂದ ಬಂತು, ಯಾರು ತೊಳೆದರು ಎಂಬುದನ್ನು ಕೂಡ ಅವನು ವಿಚಾರಿಸಿ ತಿಳಿದಿರಬೇಕು. ಇಪ್ಪತ್ತು ನಿಮಿಷಗಳ ಆ ಅವಧಿಯಲ್ಲಿ ರೋಗಿಯ ಅಣ್ಣನೋ ಹೆಂಡತಿಯೋ ಬಳಿಗೆ ಬಂದು, “ಡಾಕ್ಟ್ರೇ, ಸುಮ್ನೆ ನೋಡ್ತಾ ನಿಂತಿದ್ದೀರಲ್ಲ, ಏನಾದ್ರೂ ಮಾಡಿ” ಎಂದು ಕೈಮುಗಿಯುತ್ತಾರೆ. ನೋಡುತ್ತ ನಿಲ್ಲುವುದೇ ಆ ಹೊತ್ತಿನ ಚಿಕಿತ್ಸೆಯೆಂದು ಅವರಿಗೆ ಸಮಾಧಾನದಿಂದ ತಿಳಿಸಿ ಹೇಳುವುದು, ಹಾಗೆ ಹೇಳುವಾಗ ತನ್ನ ಧ್ವನಿ ನಡುಗದಂತೆ ನೋಡಿಕೊಳ್ಳುವುದು, ಯಾವ ಪಠ್ಯಪುಸ್ತಕದ ಯಾವ ಅಧ್ಯಾಯದಲ್ಲಿಯೂ ಇಲ್ಲದ ವಿದ್ಯೆ. ಆಮೇಲೆ ಪ್ರತಿವಿಷದ ಹತ್ತು ಸೀಸೆಗಳನ್ನು ಒಂದೊಂದಾಗಿ ತೆರೆದು, ಒಳಗಿನ ಪುಡಿ ನೀರಿನಲ್ಲಿ ನೊರೆಯೇಳದೆ ಕರಗುವಂತೆ ನಿಧಾನವಾಗಿ ಆಡಿಸಿ, ಒಗ್ಗದೆ ಮೈಯಲ್ಲಿ ದದ್ದೆದ್ದು ಉಸಿರು ಕಟ್ಟಿದರೆ ಕೊಡಲೆಂದು ಅಡ್ರಿನಲಿನ್ ಸೂಜಿಯನ್ನು ಮೊದಲೇ ಸಿದ್ಧಪಡಿಸಿಕೊಂಡು, ಡ್ರಿಪ್ಪಿನ ಪಕ್ಕದಲ್ಲಿಯೇ ಅವನು ಕೂರಬೇಕು.

ಇದಕ್ಕಿಂತ ಕಠಿನವಾದದ್ದು ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಕುಡಿದು ಬಂದವರ ಶುಶ್ರೂಷೆ. ಸಾಲವೋ, ಮನೆಯ ಜಗಳವೋ, ಹೇಳಿಕೊಳ್ಳಲಾಗದ ಮತ್ತಾವುದೋ ಸಂಕಟವೋ ಈ ಮನುಷ್ಯನನ್ನು ಇಲ್ಲಿಗೆ ತಂದಿದೆ. ಬಾಯಿಯಿಂದ ನೊರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಎದೆಯ ತುಂಬ ಗೊರಗೊರ ಸದ್ದು. ಅಟ್ರೋಪಿನ್ ಎಂಬ ಔಷಧ 0.6 ಮಿಲಿಗ್ರಾಮಿನ ಪುಟ್ಟ ಗಾಜಿನ ಆಂಪ್ಯೂಲುಗಳಲ್ಲಿ ಬರುತ್ತದೆ. ಮೊದಲು ಮೂರು ಆಂಪ್ಯೂಲು; ಐದು ನಿಮಿಷಗಳಲ್ಲಿ ಎದೆ ತಿಳಿಯಾಗದಿದ್ದರೆ ಆರು; ಮತ್ತೂ ಆಗದಿದ್ದರೆ ಹನ್ನೆರಡು. ಹೀಗೆ ಪ್ರಮಾಣವನ್ನು ಇಮ್ಮಡಿಸುತ್ತ, ಪ್ರತಿ ಸಲವೂ ಸ್ಟೆತಾಸ್ಕೋಪನ್ನು ಎದೆಗಿಟ್ಟು ಆಲಿಸುತ್ತ, ಶ್ವಾಸಕೋಶದ ಸದ್ದು ಅಡಗಿ, ನಾಡಿ ಎಂಬತ್ತನ್ನು ದಾಟಿ, ಬೆವರು ಆರುವವರೆಗೂ ಮುಂದುವರಿಯಬೇಕು. ಕಡಮೆಯಾದರೆ ರೋಗಿ ತನ್ನ ಶ್ವಾಸನಾಳದ ನೀರಿನಲ್ಲಿಯೇ ಮುಳುಗುತ್ತಾನೆ, ಹೆಚ್ಚಾದರೆ ಜ್ವರವೇರಿ ಭ್ರಮೆ ಹಿಡಿದು ಮಂಚದಿಂದೇಳಲು ಹವಣಿಸುತ್ತಾನೆ. ಈ ಎರಡರ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಅವನನ್ನು ಬೆಳಗಿನವರೆಗೆ ನಡೆಸಿಕೊಂಡು ಹೋಗುವ ಹೊಣೆ ಪಿ.ಜಿ. ವೈದ್ಯರ ಕಣ್ಗಾವಲಿನಲ್ಲಿ ಬಹುಮಟ್ಟಿಗೆ ಹೌಸ್ ಸರ್ಜನ್ನನ ಮೇಲೆಯೇ ಬೀಳುತ್ತದೆ. ಹತ್ತಾರು ಆಂಪ್ಯೂಲುಗಳ ಕತ್ತನ್ನು ಮುರಿದು ಮುರಿದು ಹೆಬ್ಬೆರಳು ಕೊಯ್ದುಕೊಂಡಿರುತ್ತದೆ. ಅಟ್ರೋಪಿನ್ನಿನ ಗುಣಧರ್ಮಗಳನ್ನು ಎರಡನೆಯ ವರ್ಷದಲ್ಲಿಯೇ ಬಾಯಿಪಾಠ ಮಾಡಿದ್ದ ಅದೇ ವಿದ್ಯಾರ್ಥಿಗೆ ಆ ಔಷಧ ಏನೆಂಬುದು ನಿಜವಾಗಿ ತಿಳಿಯುವುದು ಆ ರಾತ್ರಿ.

ಹೆರಿಗೆ ವಾರ್ಡಿನಲ್ಲಿ ಗುರುಗಳು ಬೇರೆ. ಬೆಂಗಳೂರಿನ ವಾಣಿವಿಲಾಸದಲ್ಲಾಗಲಿ ಮೈಸೂರಿನ ಚೆಲುವಾಂಬಾ ಆಸ್ಪತ್ರೆಯಲ್ಲಾಗಲಿ, ಗರ್ಭಿಣಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟು ಹತ್ತು ನಿಮಿಷಗಳಲ್ಲಿ ಎಷ್ಟು ನೋವು ಬಂದವೆಂದು ಎಣಿಸುವುದನ್ನು, ಮಗು ಹುಟ್ಟಿದ ತರುವಾಯ ಗರ್ಭಕೋಶ ಗಟ್ಟಿಯಾಯಿತೇ ಇಲ್ಲವೇ ಎಂದು ಕೈಯಿಂದಲೇ ಅರಿಯುವುದನ್ನು ಹೊಸಬರಿಗೆ ಕಲಿಸುವವರು ಎಷ್ಟೋ ವೇಳೆ ಅನುಭವಿಗಳಾದ ಸಿಸ್ಟರುಗಳು. ಪ್ರೊಫೆಸರರು ಬೆಳಗಿನ ರೌಂಡ್ಸಿನಲ್ಲಿ ಕಾರಣಗಳನ್ನು ವಿವರಿಸುತ್ತಾರೆ. ನಡುರಾತ್ರಿ ರಕ್ತಸ್ರಾವ ಮೊದಲಾದಾಗ, “ಡಾಕ್ಟ್ರೇ, ಮೊದಲು ಕೈ ಇಡಿ, ಆಮೇಲೆ ಬರೀರಿ” ಎಂದು ಕೇಸ್ ಶೀಟನ್ನು ಪಕ್ಕಕ್ಕೆ ಸರಿಸುವವರು ಈ ಸಿಸ್ಟರುಗಳು. ನಮ್ಮ ವೈದ್ಯಕೀಯ ಶಿಕ್ಷಣದ ಇತಿಹಾಸವನ್ನು ಬರೆದವರು ಈ ಋಣವನ್ನು ಸಾಕಷ್ಟು ಸ್ಮರಿಸಿಲ್ಲವೆಂಬುದು ನನ್ನ ನಮ್ರ ಅಭಿಪ್ರಾಯ.

ಇಂತಹ ವರ್ಷವೊಂದು ಇಂದು ಎರಡು ಕಡೆಯಿಂದ ಕ್ಷಯಿಸುತ್ತಿದೆ. ಸ್ನಾತಕೋತ್ತರ ಪ್ರವೇಶಕ್ಕಾಗಿ ನಡೆಯುವ ನೀಟ್ ಪಿ.ಜಿ. ಪರೀಕ್ಷೆ ಅವುಗಳಲ್ಲಿ ಮೊದಲನೆಯದು. ನಾಲ್ಕು ಉತ್ತರಗಳಲ್ಲಿ ಸರಿಯಾದೊಂದನ್ನು ಗುರುತಿಸುವ ಆ ಪರೀಕ್ಷೆಗೆ ಸಿದ್ಧರಾಗುವ ಕಾಲವೂ ಹೌಸ್ ಸರ್ಜನ್ಸಿಯ ಕಾಲವೂ ಒಂದೇ ಆಗಿರುವುದರಿಂದ, ವಾರ್ಡಿನಲ್ಲಿ ಕಳೆದ ಪ್ರತಿ ಗಂಟೆಯೂ ಓದಿನಿಂದ ಕಸಿದ ಗಂಟೆಯಾಗಿ ಕಾಣತೊಡಗಿದೆ. ಹಾಜರಿಯನ್ನು ಹೇಗೋ ಹೊಂದಿಸಿಕೊಂಡು ಗ್ರಂಥಾಲಯದ ಮೂಲೆಯನ್ನು ಸೇರುವ ತರುಣರನ್ನು ನಾನು ನಿಂದಿಸಲಾರೆ, ಕೇವಲ ಎಂ.ಬಿ.ಬಿ.ಎಸ್. ಪದವಿಗೆ ಸಮಾಜದಲ್ಲಿ ಬೆಲೆಯಿಲ್ಲವೆಂದು ಅವರಿಗೆ ಕಲಿಸಿದವರು ನಾವೇ. ನಾಳೆ ಉತ್ತಮ ನೇತ್ರವೈದ್ಯನಾಗುವವನು ಇಂದು ಹಾವಿನ ಕಡಿತವನ್ನು ನೋಡದೆ ಹೋದರೆ ನಷ್ಟವೇನೆಂದು ಕೇಳುವವರಿದ್ದಾರೆ. ರೈಲಿನಲ್ಲಿ, ಜಾತ್ರೆಯಲ್ಲಿ, ನೆರೆಮನೆಯಲ್ಲಿ ಒಬ್ಬ ಮನುಷ್ಯ ಕುಸಿದು ಬಿದ್ದಾಗ ಜನ ಕೂಗಿ ಕರೆಯುವುದು ಡಾಕ್ಟರನ್ನೇ ಹೊರತು ತಜ್ಞನನ್ನಲ್ಲ ಎಂಬುದೇ ಅದಕ್ಕೆ ನನ್ನ ಉತ್ತರ. 2021ರ ಮೇ ತಿಂಗಳಿನಲ್ಲಿ ಕೋವಿಡ್ಡಿನ ಎರಡನೆಯ ಅಲೆ ಏರಿ ಬಂದಾಗ, ಕೇಂದ್ರ ಸರಕಾರ ಆ ಪರೀಕ್ಷೆಯನ್ನೇ ಮುಂದೂಡಿ, ಇಂಟರ್ನುಗಳನ್ನು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕೋವಿಡ್ ಕರ್ತವ್ಯಕ್ಕೆ ನಿಯೋಜಿಸಬಹುದೆಂದು ತೀರ್ಮಾನಿಸಿತು. ದೇಶಕ್ಕೆ ಅವಶ್ಯವಾಗಿ ಬೇಕಾದ ವೈದ್ಯ ಯಾರೆಂಬುದು ಆಗ ಎಲ್ಲರಿಗೂ ತಿಳಿದಿತ್ತು.

ಎರಡನೆಯದು, ಕಲಿಯಲು ಬಂದವರನ್ನು ಅಗ್ಗದ ಕೂಲಿಯವರಂತೆ ದುಡಿಸಿಕೊಳ್ಳುವ ಅಭ್ಯಾಸ. ರಕ್ತದ ಮಾದರಿಯನ್ನು ಪ್ರಯೋಗಾಲಯಕ್ಕೆ ಒಯ್ಯುವುದು, ಅಲ್ಲಿಂದ ವರದಿ ತರುವುದು, ಎಕ್ಸ್‌ರೇ ಕೋಣೆಗೆ ಸ್ಟ್ರೆಚರ್ ತಳ್ಳುವುದು ಹೀನವಾದ ಕೆಲಸಗಳೆಂದು ನಾನು ಹೇಳುತ್ತಿಲ್ಲ. ಅಟೆಂಡರುಗಳ ಹುದ್ದೆಗಳನ್ನು ತುಂಬದೆ ಬಿಟ್ಟು ಆ ಕೆಲಸವೆಲ್ಲವನ್ನೂ ಇವರ ಮೇಲೆ ಹೊರಿಸಿದಾಗ, ರೋಗಿಯ ಪಕ್ಕದಲ್ಲಿ ಇರಬೇಕಾದವರು ಕಾರಿಡಾರಿನಲ್ಲಿ ಇರುತ್ತಾರೆ. ನಿದ್ರೆಯ ಮಾತು ಬೇರೆಯೇ. ಇಪ್ಪತ್ತನಾಲ್ಕು ಗಂಟೆಗಳಿಗೂ ಮೀರಿದ ಪಾಳಿಗಳಲ್ಲಿ ದುಡಿದ ಇಂಟರ್ನುಗಳು, ಪಾಳಿಯನ್ನು ಕಿರಿದುಗೊಳಿಸಿದಾಗಿನದಕ್ಕಿಂತ ಶೇಕಡಾ 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದರೆಂದು ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ನಡೆದ ಅಧ್ಯಯನ 2004ರಲ್ಲಿಯೇ ತೋರಿಸಿಕೊಟ್ಟಿದೆ. ಕಣ್ಣೆವೆ ಮುಚ್ಚುತ್ತಿರುವವನ ಕೈಯಲ್ಲಿ ಆಂಪ್ಯೂಲುಗಳ ಎಣಿಕೆಯನ್ನು ಒಪ್ಪಿಸುವುದು ಅವನಿಗೂ ಅನ್ಯಾಯ, ರೋಗಿಗೂ ಅನ್ಯಾಯ.

ಪರಿಹಾರಕ್ಕೆ ಹೊಸ ಆಯೋಗವೇನೂ ಬೇಕಿಲ್ಲ. ಪ್ರತಿಯೊಬ್ಬ ಇಂಟರ್ನಿನ ಬಳಿ ಈಗಾಗಲೇ ಒಂದು ಲಾಗ್ ಬುಕ್ ಇರುತ್ತದೆ. ಇಷ್ಟು ಹೆರಿಗೆ, ಇಷ್ಟು ಹೊಲಿಗೆ, ಇಷ್ಟು ಮೂಳೆಕಟ್ಟು ಎಂದು ಅದರಲ್ಲಿ ಬರೆದು, ಪೋಸ್ಟಿಂಗ್ ಮುಗಿಯುವ ದಿನ ಒಂದೇ ಸಲ ಕುಳಿತು ಹಾಳೆಹಾಳೆಗೂ ಸಹಿ ಪಡೆಯುವ ಪದ್ಧತಿ ಹಲವೆಡೆ ಬೇರೂರಿದೆ. ಕೆಲಸವನ್ನು ಕಣ್ಣಾರೆ ಕಂಡ ಹಿರಿಯ ವೈದ್ಯನೇ, ಕಂಡ ದಿನವೇ, ಆ ಕೆಲಸದ ಎದುರಿಗೆ ಸಹಿ ಹಾಕಬೇಕೆಂಬ ಒಂದು ನಿಯಮವನ್ನು ಕಾಲೇಜುಗಳು ನಿಷ್ಠೆಯಿಂದ ಪಾಲಿಸಲಿ. ರಾತ್ರಿಯ ಪಾಳಿಯಲ್ಲಿ ಅಂಥ ಹಿರಿಯನೊಬ್ಬ ಫೋನಿನಲ್ಲಲ್ಲದೆ ವಾರ್ಡಿನಲ್ಲಿಯೇ ದೊರೆಯುವಂತೆ ವ್ಯವಸ್ಥೆಯಾಗಲಿ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿದವರಿಗೆ ತಂಗಲು ಒಂದು ಕೋಣೆಯೂ, ಆಶಾ ಕಾರ್ಯಕರ್ತೆಯೊಡನೆ ತಾಯಿ ಕಾರ್ಡ್ ಹಿಡಿದು ಮನೆಮನೆಗೆ ಹೋಗಿಬರಲು ಒಂದು ವಾಹನವೂ ಸಿಗಲಿ. ಸ್ನಾತಕೋತ್ತರ ಪ್ರವೇಶದ ಅಂಕಗಳಲ್ಲಿ ಒಂದು ಪಾಲು ಹೀಗೆ ಸಹಿಯಾದ ಆ ಪುಸ್ತಕಕ್ಕೂ ಸಲ್ಲುವಂತಾದರೆ, ಗ್ರಂಥಾಲಯಕ್ಕೆ ಹೋದ ತರುಣರು ತಾವಾಗಿಯೇ ವಾರ್ಡಿಗೆ ಮರಳುವರೆಂದು ನಾನು ದೃಢವಾಗಿ ನಂಬಿದ್ದೇನೆ.