ಕುರಿಮಂದೆಯ ಕೊರಳಗಂಟೆ

ಬೆಂಗಳೂರಿನ ಬನಶಂಕರಿಗೆ ಸಮೀಪದ ಇಟ್ಟಮಡು ಈಗ ಮನೆಗೆ ಮನೆ ಅಂಟಿಕೊಂಡಿರುವ ಬಡಾವಣೆ. ಅದು ಹೊಲಗಳ ನಡುವಣ ಹಳ್ಳಿಯಾಗಿದ್ದ ಕಾಲವನ್ನು ಕಂಡ ಹಿರಿಯರೊಬ್ಬರು ನಮ್ಮ ಬಂಧುಗಳು. ಅವರ ಹಳೆಯ ಹೆಂಚಿನ ಮನೆಯನ್ನು ಕೆಡವಿ ಮಹಡಿ ಕಟ್ಟಿಸುವಾಗ ಅಟ್ಟದ ಸಾಮಾನುಗಳನ್ನೆಲ್ಲ ಕೆಳಗಿಳಿಸಿದರು. ಒಡೆದ ಕೊಳಗ, ಕಿಲುಬು ಹಿಡಿದ ತಂಬಿಗೆಗಳ ನಡುವೆ ಐದು ಚಿಕ್ಕ ಹಿತ್ತಾಳೆಯ ಗಂಟೆಗಳಿದ್ದವು. ಗುಜರಿಯವನು ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದನು. ಆಗ ಮನೆಯ ಅಜ್ಜಿ ಎದ್ದು ಬಂದು ಒಂದು ಗಂಟೆಯನ್ನೆತ್ತಿ ಅಲ್ಲಾಡಿಸಿ, "ಇದು ಮಂದೆಯ ಮುಂದೆ ನಡೆಯುತ್ತಿದ್ದ ಹೋತದ್ದು" ಎಂದರು. ಮತ್ತೊಂದನ್ನು ಅಲ್ಲಾಡಿಸಿ, "ಇದು ಆ ತುಂಟ ಮೇಕೆಯದು. ಇದರ ಸದ್ದು ದೂರವಾಯಿತೆಂದರೆ ನಿಮ್ಮ ತಾತ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಿದ್ದರು" ಎಂದರು. ಮಂದೆ ಹೋಗಿ ಎಷ್ಟೋ ವರ್ಷಗಳಾಗಿದ್ದರೂ ಅವರ ಕಿವಿ ಯಾವುದನ್ನೂ ಮರೆತಿರಲಿಲ್ಲ. ಗಂಟೆಗಳು ತಕ್ಕಡಿಯಿಂದ ಕೆಳಗಿಳಿದವು.

ತೂಕಕ್ಕೆ ಮಾರುವ ವಸ್ತುವಿನಲ್ಲಿಯೂ ತೂಕಕ್ಕೆ ಬಾರದ ಗುಣವೊಂದು ಇರಬಹುದೆಂಬುದು ಅಂದು ನಮಗೆ ಮನದಟ್ಟಾಯಿತು. ಆ ಗುಣ ಯಾವುದು, ಅದು ಗಂಟೆಗೆ ಎಲ್ಲಿಂದ ಬರುವುದು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕುರಿಗೆ ಗಂಟೆ ಕಟ್ಟುವುದು ಅಂದಕ್ಕೆಂದು ಪಟ್ಟಣದವರು ಭಾವಿಸುವುದುಂಟು. ಕುರಿಗಾಹಿಗೆ ಅದು ಎರಡನೆಯ ಕಣ್ಣು. ಕುರುಚಲು ಕಾಡಿನಲ್ಲಿ, ದಿಣ್ಣೆಯ ಮರೆಯಲ್ಲಿ, ಕತ್ತಲೆಯ ರೊಪ್ಪದಲ್ಲಿ ಕಣ್ಣಿಗೆ ಕಾಣದುದನ್ನು ಗಂಟೆ ತಿಳಿಸುವುದು. ಕುರಿ ಮೇಯುತ್ತಿರುವಾಗ ನಾದವು ಬಿಟ್ಟು ಬಿಟ್ಟು ಬರುವುದು. ನಡೆಯುವಾಗ ಒಂದೇ ಲಯ. ತೋಳವೋ ಬೀದಿನಾಯಿಯೋ ಮೇಲೆ ಬಿದ್ದರೆ ಎಲ್ಲ ಗಂಟೆಗಳೂ ಒಮ್ಮೆಲೆ ಗಡಬಡಿಸುವುವು. ಮಂದೆಯ ಎಲ್ಲ ಕುರಿಗಳಿಗೂ ಗಂಟೆ ಬೇಕಿಲ್ಲ. ಮುಂದೆ ನಡೆಯುವುದಕ್ಕೆ, ಹಿಂದೆ ಉಳಿಯುವುದಕ್ಕೆ, ದಾರಿ ತಪ್ಪುವುದಕ್ಕೆ ಕಟ್ಟಿದರೆ ಸಾಕು. ಕುರಿಗಳು ಮುಂದಿನದನ್ನು ಅನುಸರಿಸುವ ಸ್ವಭಾವದವು. ಆದುದರಿಂದಲೇ ಕುರಿಮಂದೆಯಲ್ಲಿ ನಾಲ್ಕಾರು ಮೇಕೆಗಳನ್ನು ಸೇರಿಸಿಕೊಂಡು ಅವುಗಳನ್ನು ಮುಂದೆ ಬಿಡುವ ವಾಡಿಕೆಯುಂಟು. ಎರಡು ಮಂದೆಗಳು ಒಂದೇ ಗೋಮಾಳದಲ್ಲಿ ಬೆರೆತರೆ ತನ್ನ ಗಂಟೆ ಯಾವುದೆಂದು ಕುರಿಗಾಹಿ ಕೇಳಿಯೇ ಹೇಳಬಲ್ಲನು. ಆದರೆ ಇದಕ್ಕೆಲ್ಲ ಒಂದು ನಿಯಮ ಅವಶ್ಯ: ಒಂದು ಗಂಟೆಯ ದನಿ ಇನ್ನೊಂದರ ದನಿಯಂತಿರಬಾರದು.

ಈ ಭೇದವನ್ನು ಹುಟ್ಟಿಸುವುದು ಎರಕ ಹೊಯ್ಯುವವನ ಕೈ. ಪಂಚಾಳರಲ್ಲಿ ಕಂಚುಗಾರರೆಂಬವರು ಈ ಕಸುಬಿನವರು. ಮಂಡ್ಯ ಜಿಲ್ಲೆಯ ನಾಗಮಂಗಲವು ಲೋಹದ ಎರಕಕ್ಕೆ ಹೆಸರಾದ ಊರು. ಮೇಣದ ಅಚ್ಚಿನ ಕ್ರಮ ಹೀಗಿದೆ. ಮೊದಲು ಗಂಟೆಯ ಒಳಹೊಟ್ಟೆಯ ಆಕಾರಕ್ಕೆ ಜೇಡಿಮಣ್ಣಿನ ಮುದ್ದೆಯನ್ನು ಮಾಡಿ ಒಣಗಿಸುವರು. ಅದರ ಮೇಲೆ ಗಂಟೆ ಎಷ್ಟು ದಪ್ಪವಿರಬೇಕೋ ಅಷ್ಟು ದಪ್ಪ ಮೇಣವನ್ನು ಹೊದಿಸಿ, ಕೊಂಡಿಯನ್ನೂ ಮೇಣದಲ್ಲಿಯೇ ತಿದ್ದುವರು. ಅದರ ಮೇಲೆ ನಯವಾದ ಮಣ್ಣನ್ನು ಪದರಪದರವಾಗಿ ಮೆತ್ತಿ, ಒಂದು ಕಂಡಿಯನ್ನು ಉಳಿಸಿ, ಒಣಗಿದ ಮೇಲೆ ಕಾಯಿಸುವರು. ಮೇಣವು ಕರಗಿ ಹೊರಗೆ ಹರಿಯುವುದು. ಅದು ಬಿಟ್ಟ ಬರಿದಾದ ಎಡೆಗೆ ಮೂಸೆಯಲ್ಲಿ ಕರಗಿಸಿದ ಹಿತ್ತಾಳೆಯನ್ನು ಹೊಯ್ಯುವರು. ಆರಿದ ಮೇಲೆ ಮಣ್ಣನ್ನು ಒಡೆದರೆ ಗಂಟೆ ಹೊರಬರುವುದು. ಅಚ್ಚು ಒಡೆದುಹೋದುದರಿಂದ ಅದೇ ಅಚ್ಚಿನಲ್ಲಿ ಇನ್ನೊಂದು ಗಂಟೆ ಹುಟ್ಟುವಂತಿಲ್ಲ. ಪ್ರತಿಯೊಂದಕ್ಕೂ ಹೊಸ ಮೇಣ, ಹೊಸ ಮಣ್ಣು. ಆದುದರಿಂದ ಹೊಸ ದನಿ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು (1126–1138) ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮೇಣದ ಅಚ್ಚಿನಿಂದ ವಿಗ್ರಹಗಳನ್ನು ಎರಕ ಹೊಯ್ಯುವ ವಿಧಾನವು ವಿವರವಾಗಿದೆ. ಮೊದಲು ಮೇಣವನ್ನು ತೂಗಿ, ಅದರಿಂದ ಬೇಕಾಗುವ ಲೋಹದ ಲೆಕ್ಕ ಹಾಕಬೇಕೆಂದು ಅಲ್ಲಿ ಹೇಳಿದೆ. ಒಂದೇ ಗಾತ್ರದ ಮೇಣಕ್ಕಿಂತ ಹಿತ್ತಾಳೆ ಸುಮಾರು ಒಂಬತ್ತು ಪಾಲು ತೂಕವುಳ್ಳದ್ದು. ಲೆಕ್ಕ ತಪ್ಪಿ ಲೋಹ ಸಾಲದೆ ಹೋದರೆ ಇಡೀ ದಿನದ ಕೆಲಸ ಕೆಟ್ಟಂತೆಯೇ.

ದೇವಸ್ಥಾನದ ಗಂಟೆ ಕಂಚಿನದಾದರೆ ಕುರಿಯದು ಹಿತ್ತಾಳೆಯದೇಕೆ ಎಂದು ಕೆಲವರು ಕೇಳಬಹುದು. ತಾಮ್ರಕ್ಕೆ ತವರವನ್ನು ಸೇರಿಸಿದರೆ ಕಂಚು, ಸತುವನ್ನು ಸೇರಿಸಿದರೆ ಹಿತ್ತಾಳೆ. ದೊಡ್ಡ ಗಂಟೆಗಳ ಕಂಚಿನಲ್ಲಿ ತವರವು ಸುಮಾರು ಐದರಲ್ಲಿ ಒಂದು ಪಾಲು ಇರುವುದು. ಅದರ ನಾದ ಬಹಳ ಹೊತ್ತು ನಿಲ್ಲುವುದು, ಆದರೆ ಪೆಟ್ಟು ಬಿದ್ದರೆ ಬಿರಿಯುವುದು. ಬಂಡೆಗೆ ಕೊರಳುಜ್ಜುವ, ಬೇಲಿ ಹಾರುವ ಮೇಕೆಗೆ ಅದು ತಕ್ಕುದಲ್ಲ. ಹಿತ್ತಾಳೆಯ ನಾದ ಅಷ್ಟು ದೀರ್ಘವಲ್ಲದಿದ್ದರೂ ಅದು ಪೆಟ್ಟನ್ನು ತಾಳಿಕೊಳ್ಳುವುದು.

ಸ್ವರ ಹೊಂದಿಸುವುದು ಕೊನೆಯ ಕೆಲಸ. ಬಾಯಿ ಅಗಲವಾದಷ್ಟೂ ದನಿ ಇಳಿಯುವುದು. ಅಂಚು ದಪ್ಪವಾದಷ್ಟೂ ಏರುವುದು. ಒಳಬದಿಯನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಿದರೆ ಏರಿದ ದನಿಯನ್ನು ಇಳಿಸಬಹುದು. ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳುವುದು ಕಿವಿಯೊಂದೇ.

ಇಷ್ಟೆಲ್ಲ ಆದ ಮೇಲೆ ಗಂಟೆಯನ್ನು ತೂಗಿ ಲೋಹದ ದರದ ಮೇಲೆ ಬೆಲೆ ಕಟ್ಟಿದರೆ ಅದು ನ್ಯಾಯವೆ? ಮೇಣ ತಿದ್ದಿದ ಬೆರಳಿಗೂ ಸ್ವರ ಕಂಡ ಕಿವಿಗೂ ತಕ್ಕಡಿಯಲ್ಲಿ ಸ್ಥಳವಿಲ್ಲ. ಇನ್ನೊಂದು ಸಂಗತಿಗೂ ಇಲ್ಲ. ಹಿತ್ತಾಳೆ ಕರಗುವಾಗ ಸತುವು ಬಿಳಿಯ ಹೊಗೆಯಾಗಿ ಏಳುವುದು. ಗಾಳಿಯಾಡದ ಕೊಟ್ಟಿಗೆಯಲ್ಲಿ ಅದನ್ನು ಉಸಿರಾಡಿದವನಿಗೆ ಆ ರಾತ್ರಿ ಚಳಿಜ್ವರ ಬರುವುದುಂಟು. ಲೋಹಕ್ಕಿಷ್ಟು, ಕೂಲಿಗಿಷ್ಟು ಎಂದು ಬೇರೆಬೇರೆಯಾಗಿ ಕೊಡದ ಹೊರತು ಆ ಕಸುಬಿನವನು ತನ್ನ ಮಗನಿಗೆ ಅದನ್ನು ಕಲಿಸಲು ಮನಸ್ಸು ಮಾಡನು.

ಈ ಚಿಂತೆ ನಮಗೊಬ್ಬರಿಗೇ ಅಲ್ಲ. ಗುಜರಾತಿನ ಕಚ್ಛ್ ಸೀಮೆಯ ಲೋಹಾರರು ಕಬ್ಬಿಣದ ತಗಡನ್ನು ಬಡಿದು ಬಾಗಿಸಿ ತಾಮ್ರದ ಲೇಪ ಕೊಟ್ಟು ದನಕುರಿಗಳ ಗಂಟೆ ಮಾಡುವರು. ಸುತ್ತಿಗೆಯ ಪೆಟ್ಟಿನಿಂದಲೇ ಒಂದೊಂದಕ್ಕೂ ಸ್ವರ ಹೊಂದಿಸುವರು. ಪೋರ್ಚುಗಲ್ ದೇಶದ ಅಲೆಂತೇಜು ಪ್ರಾಂತದ ಇಂಥದೇ ಗಂಟೆಗಾರಿಕೆಯನ್ನು ಯುನೆಸ್ಕೋ ಸಂಸ್ಥೆಯು 2015ರಲ್ಲಿ, ತಡಮಾಡದೆ ರಕ್ಷಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಗೋಮಾಳ ಕಿರಿದಾಗಿ ಮಂದೆ ಕರಗಿದರೆ ಗಂಟೆಗಾರನಿಗೂ ಕೆಲಸವಿಲ್ಲ. ಇಟ್ಟಮಡುವಿನಂಥ ಊರುಗಳಲ್ಲಿ ನಡೆದುದೂ ಇದೇ.

ಗೃಹಸ್ಥರು ಮಾಡಬಹುದಾದುದು ಇಷ್ಟು. ಅಟ್ಟದಲ್ಲಿ ಗಂಟೆಯಿದ್ದರೆ ಗುಜರಿಗೆ ಹಾಕುವ ಮೊದಲು ಮನೆಯ ಹಿರಿಯರ ಕೈಗೆ ಕೊಟ್ಟು ಕೇಳಿರಿ. ಹುಣಸೆಹಣ್ಣಿನಿಂದ ತಿಕ್ಕಿ, ಚೆನ್ನಾಗಿ ತೊಳೆದು, ತೇವವಿಲ್ಲದಂತೆ ಒರಸಿದರೆ ಕಿಲುಬು ಹೋಗುವುದು. ಹೊಸದನ್ನು ಕೊಳ್ಳುವಾಗ ಕೊಂಡಿಯಲ್ಲಿ ಹಿಡಿದು ಬೆರಳಿನಿಂದ ತಟ್ಟಿರಿ. ಒಡಕು ದನಿ ಬಂದರೆ ಒಳಗೆ ಬಿರುಕೋ ಗಾಳಿಗುಳ್ಳೆಯೋ ಇರಬಹುದು. ಪ್ರಾಣಿಗೆ ಕಟ್ಟುವುದಾದರೆ ಹಗುರವಾದುದನ್ನು ಆರಿಸಿರಿ. ಸ್ವಿಟ್ಜರ್ಲೆಂಡಿನಲ್ಲಿ 5.5 ಕಿಲೋಗ್ರಾಂ ಗಂಟೆಯನ್ನು ಹಸುಗಳಿಗೆ ಕಟ್ಟಿ ಪರೀಕ್ಷಿಸಿದಾಗ ಅವು ಮೇಯುವುದೂ ಮೆಲುಕು ಹಾಕುವುದೂ ಕಡಿಮೆಯಾಯಿತು. ದನಿ ಕುರಿಗಾಹಿಗೆ ಕೇಳಬೇಕು. ಭಾರ ಕುರಿಗೆ ತಿಳಿಯಬಾರದು.

ನಮ್ಮ ಬಂಧುಗಳು ನಾಲ್ಕು ಗಂಟೆಗಳನ್ನು ಊರ ಕಡೆ ಕುರಿ ಸಾಕುವ ನೆಂಟರಿಗೆ ಕೊಟ್ಟರು. ಹೋತದ ಗಂಟೆಯನ್ನು ಮಾತ್ರ ಅಜ್ಜಿ ಕೊಡಗೊಡಲಿಲ್ಲ. ಅದನ್ನು ಹೊಸ ಮನೆಯ ಬಾಗಿಲಿಗೆ ಕಟ್ಟಿಸಿದ್ದಾರೆ. ಯಾರು ಬಂದರೂ ಒಳಗೆ ಕುಳಿತೇ ಅವರಿಗೆ ತಿಳಿಯುವುದು.