ನಾಣ್ಯಕ್ಕೆ ಹುಣಸೆಹಣ್ಣು ಬೇಡ!

ಬೇಸಿಗೆ ರಜೆಗೆ ಅಜ್ಜಿಯ ಊರಿಗೆ ಹೋದ ಹುಡುಗನಿಗೆ ಅಟ್ಟದ ಮೇಲಿನ ಟ್ರಂಕಿನಲ್ಲಿ ಬಟ್ಟೆಯ ಗಂಟೊಂದು ಸಿಗುತ್ತದೆ. ಬಿಚ್ಚಿದರೆ ವಿಕ್ಟೋರಿಯಾ ರಾಣಿಯ ಮುಖವಿರುವ ತಾಮ್ರದ ಕಾಲಾಣೆಗಳು, ನಡುವೆ ತೂತಿರುವ ಒಂದೆರಡು ಕಾಸು, ಕಪ್ಪಿಟ್ಟ ಒಂದು ಬೆಳ್ಳಿ ರೂಪಾಯಿ. ಹುಡುಗನಿಗೆ ಹಿಗ್ಗೋ ಹಿಗ್ಗು. ನೇರ ಬಚ್ಚಲಿಗೆ ಓಡುತ್ತಾನೆ. ಕಾಲಾಣೆಗೆ ಹುಣಸೆಹಣ್ಣು, ರೂಪಾಯಿಗೆ ಹಲ್ಲುಪುಡಿ. ಅರ್ಧ ಗಂಟೆ ತಿಕ್ಕಿದ ಮೇಲೆ ಎಲ್ಲವೂ ಫಳಫಳ. 'ನೋಡಜ್ಜೀ, ಹೊಸದರ ಹಾಗೆ!' ಎಂದು ಅಂಗೈ ಚಾಚುತ್ತಾನೆ. ಅಜ್ಜಿಗೂ ಸಂತೋಷ. ಹಬ್ಬ ಬಂತೆಂದರೆ ದೇವರ ಪಾತ್ರೆ ಬೆಳಗುವ ಮನೆಯಲ್ಲಿ ಇದು ಒಳ್ಳೆಯ ಕೆಲಸವಲ್ಲದೆ ಇನ್ನೇನು?

ಅದೇ ನಾಣ್ಯಗಳನ್ನು ನಾಣ್ಯ ಬಲ್ಲವರ ಮುಂದಿಟ್ಟರೆ ಅವರ ಬಾಯಿಂದ ಬರುವ ಮೊದಲ ಮಾತು 'ಅಯ್ಯೋ, ಯಾಕಪ್ಪಾ ತೊಳೆದೆ?' ಎಂಬುದೇ. ಪಾತ್ರೆಗೆ ಸಲ್ಲುವ ಶುಚಿತ್ವ ನಾಣ್ಯಕ್ಕೆ ಏಕೆ ಸಲ್ಲದು? ಉತ್ತರ ನಾಣ್ಯದ ಮೈಮೇಲೆಯೇ ಇದೆ.

ಎರಡು ಬಗೆಯ ಹೊಳಪು

ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯ ಮೇಲೆ ಉಕ್ಕಿನ ಅಚ್ಚು ಭಾರೀ ಒತ್ತಡದಿಂದ ಬಿದ್ದಾಗ, ಲೋಹ ನಡುವಿನಿಂದ ಅಂಚಿನ ಕಡೆಗೆ ತುಸುವೇ ಹರಿಯುತ್ತದೆ. ಆ ಹರಿವಿನ ಗುರುತು ಕಣ್ಣಿಗೆ ಬೀಳದಷ್ಟು ನವಿರಾದ ಗೆರೆಗಳಾಗಿ ಉಳಿಯುತ್ತದೆ. ಚಲಾವಣೆ ಕಾಣದ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿದರೆ, ಬೆಳಕಿನ ಪಟ್ಟಿಗಳು ಸೈಕಲ್ ಚಕ್ರದ ಕಡ್ಡಿಗಳಂತೆ ಸುತ್ತುವುದು ಈ ಗೆರೆಗಳಿಂದಲೇ. ಇದು ಹುಟ್ಟಿನಿಂದ ಬಂದ ಹೊಳಪು. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಕಾಲ ಕಳೆದಂತೆ ತಾಮ್ರ ಗಾಳಿಯ ಆಮ್ಲಜನಕದೊಡನೆ ಸೇರಿ ಕಂದು ಬಣ್ಣಕ್ಕೆ ತಿರುಗುತ್ತದೆ. ವಿಕ್ಟೋರಿಯಾ ಕಾಲದ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಆ ಬೆಳ್ಳಿ ಗಾಳಿಯಲ್ಲಿರುವ ಗಂಧಕದ ಅಂಶದೊಡನೆ ಸೇರಿ ಕಪ್ಪಾಗುತ್ತದೆ. ಈ ಪದರವನ್ನು ಸಂಗ್ರಾಹಕರು 'ಪ್ಯಾಟಿನಾ' ಎನ್ನುತ್ತಾರೆ. ಇದು ಮೇಲಿಂದ ಬಂದು ಕೂತ ಕೊಳೆಯಲ್ಲ, ನಾಣ್ಯದ ಲೋಹವೇ ಮಾರ್ಪಟ್ಟು ಆದ ಚರ್ಮ. ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ಈ ಚರ್ಮವನ್ನು ಕರಗಿಸಿದರೆ, ಹಲ್ಲುಪುಡಿ ಅದನ್ನು ಗೀರಿ ತೆಗೆಯುತ್ತದೆ. ಉಳಿಯುವುದು ಹಸಿ ಲೋಹದ ಹೊಳಪು. ಭೂತಗನ್ನಡಿಯಲ್ಲಿ ನೋಡಿದರೆ ತಿಕ್ಕಿದ ಗೀರುಗಳು ಒಂದೇ ದಿಕ್ಕಿಗೆ ಸಾಲುಗಟ್ಟಿ ನಿಂತಿರುತ್ತವೆ.

ಓದಲೂ ಪ್ಯಾಟಿನಾ ಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳಲ್ಲಿ 'ಮಯಿಲಿ ಕಾಸು' ಎಂಬ ಕನ್ನಡ ಅಕ್ಷರಗಳಿವೆ. ಟಿಪ್ಪು ಸುಲ್ತಾನನ ತಾಮ್ರದ ನಾಣ್ಯಗಳಲ್ಲಿ ಒಂದು ಬದಿ ಆನೆ, ಇನ್ನೊಂದು ಬದಿ ಟಂಕಸಾಲೆಯ ಹೆಸರು. ತಗ್ಗಿನಲ್ಲಿ ಕಪ್ಪು ನಿಂತು ಉಬ್ಬು ತಿಳಿಯಾಗಿದ್ದರೆ ಮಾತ್ರ ಇಂಥ ಸವೆದ ಅಕ್ಷರಗಳು ಎದ್ದು ಕಾಣುತ್ತವೆ. ತಿಕ್ಕಿದರೆ ಆ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ನಾಣ್ಯಕ್ಕೂ ಪರೀಕ್ಷೆ, ಅಂಕ

ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಎಂದು ಹೇಳಲು 'ಫೈನ್', 'ವೆರಿ ಫೈನ್', 'ಎಕ್ಸ್‌ಟ್ರೀಮ್ಲಿ ಫೈನ್', 'ಅನ್‌ಸರ್ಕ್ಯುಲೇಟೆಡ್' ಎಂಬ ದರ್ಜೆಗಳು ಬಳಕೆಯಲ್ಲಿವೆ. ಮೊದಲು ಸವೆಯುವುದು ಉಬ್ಬಿದ ಭಾಗ. ಆದ್ದರಿಂದ ಕಾಲಾಣೆಯಲ್ಲಿ ರಾಣಿಯ ಕಿರೀಟದ ಕೆತ್ತನೆ, ಉಡುಪಿನ ಹೂಬಳ್ಳಿ ಎಷ್ಟು ಉಳಿದಿದೆ ಎಂದು ನೋಡುತ್ತಾರೆ.

ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ತಮ್ಮ ದೇಶದ ಹಳೆಯ ತಾಮ್ರದ ಸೆಂಟ್‌ಗಳಿಗೆ 1ರಿಂದ 70ರವರೆಗೆ ಅಂಕ ಕೊಡುವ ಕ್ರಮ ತಂದರು. 70 ಅಂಕದ ನಾಣ್ಯಕ್ಕೆ 1 ಅಂಕದ ನಾಣ್ಯದ 70 ಪಟ್ಟು ಬೆಲೆ ಎಂಬುದು ಆಗಿನ ಲೆಕ್ಕ. ಆ ಬೆಲೆಯ ಲೆಕ್ಕ ಬಿದ್ದುಹೋಯಿತು, ಅಂಕಗಳು ಉಳಿದುಕೊಂಡವು. ಅಮೆರಿಕದಲ್ಲಿ 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಸಂಸ್ಥೆಗಳು ಹುಟ್ಟಿ, ನಾಣ್ಯ ಪರೀಕ್ಷಿಸಿ, ಅಂಕ ಬರೆದು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡತೊಡಗಿದವು. ಭಾರತದ ನಾಣ್ಯಗಳೂ ಇಂದು ಇಂಥ ಡಬ್ಬಿಗಳಲ್ಲಿ ಮಾರಾಟಕ್ಕೆ ಬರುತ್ತವೆ.

ತಿಕ್ಕಿ ತೊಳೆದ ನಾಣ್ಯಕ್ಕೆ ಅಲ್ಲಿ ಸಾಮಾನ್ಯವಾಗಿ ಅಂಕವೇ ಇಲ್ಲ. 'ಡೀಟೇಲ್ಸ್' ಎಂದು ಬರೆದು, ತೊಳೆಯಲಾಗಿದೆ ಎಂಬ ಷರಾ ಹಾಕುತ್ತಾರೆ. ಪರೀಕ್ಷೆಯಲ್ಲಿ ನಕಲು ಮಾಡಿದವನ ಫಲಿತಾಂಶ ತಡೆಹಿಡಿದ ಹಾಗೆ! ಸವೆತ ತಪ್ಪಲ್ಲ, ಅದು ಕೈಯಿಂದ ಕೈಗೆ ದುಡಿದ ಗುರುತು. ಸವೆದದ್ದನ್ನು ಹೊಸದೆಂದು ತೋರಿಸುವ ಹೊಳಪನ್ನು ಮಾತ್ರ ಒಪ್ಪುವುದಿಲ್ಲ.

ಹಾಗೆಂದು ಅಂಕವೇ ಅಂತಿಮವಲ್ಲ. ಒಂದೇ ನಾಣ್ಯವನ್ನು ಎರಡನೆಯ ಸಲ ಕಳಿಸಿದಾಗ ಬೇರೆ ಅಂಕ ಬಂದದ್ದುಂಟು. ಬೆಳ್ಳಿಯ ನಾಣ್ಯವನ್ನು ದ್ರಾವಣದಲ್ಲಿ ಕ್ಷಣಹೊತ್ತು ಅದ್ದಿ ತೆಗೆಯುವುದು ಸರಿಯೇ ಎಂಬ ವಾದ ಸಂಗ್ರಾಹಕರಲ್ಲಿ ಇಂದಿಗೂ ಮುಗಿದಿಲ್ಲ.

ತೊಳೆಯಲೇಬೇಕಾದಾಗ

ಮಣ್ಣಿನಡಿ ಸಿಕ್ಕ ನಾಣ್ಯದ ಮಾತೇ ಬೇರೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮನ್ನರ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ನೂರಾರು ವರ್ಷ ಮಣ್ಣಿನಲ್ಲಿದ್ದು ಗಟ್ಟಿ ಪದರ ಕಟ್ಟಿದ ನಾಣ್ಯವನ್ನು ಶುಚಿಗೊಳಿಸದೆ ಯಾವ ರಾಜನದೆಂದು ಹೇಳಲಾಗದು. ಕಂಚಿಗೆ ತಗಲುವ ಒಂದು 'ರೋಗ'ವೂ ಉಂಟು. ಲವಣದ ಕ್ಲೋರೈಡ್ ಮತ್ತು ತೇವ ಸೇರಿ ತಿಳಿಹಸಿರು ಪುಡಿ ಏಳುತ್ತದೆ. ಬಿಟ್ಟರೆ ನಾಣ್ಯವನ್ನೇ ತಿಂದುಬಿಡುತ್ತದೆ. ಇದಕ್ಕೆ ಚಿಕಿತ್ಸೆ ಬೇಕೇ ಬೇಕು. ಆದರೆ ಅದು ವಸ್ತುಸಂಗ್ರಹಾಲಯದ ರಸಾಯನ ತಜ್ಞರ ಕೆಲಸ, ಬಚ್ಚಲಿನದಲ್ಲ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾನೂನೂ ಇದೆ.

ಮನೆಯಲ್ಲಿ ಮಾಡಬಹುದಾದದ್ದು

ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಬೆರಳಿನ ಬೆವರು ತಾಮ್ರದ ಮೇಲೆ ಅಳಿಸಲಾಗದ ಗುರುತು ಬಿಡುತ್ತದೆ. ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಲಿ. ಸಡಿಲವಾದ ಮಣ್ಣಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಉಜ್ಜದೆ, ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಿದರೆ ಸಾಕು. ಅಗ್ಗದ ಪಿವಿಸಿ ಚೀಲಗಳು ಕಾಲಕ್ರಮದಲ್ಲಿ ಹಸಿರು ಅಂಟು ಬಿಡುತ್ತವೆ. ಪಿವಿಸಿ ಇಲ್ಲದ ಹೊದಿಕೆ ಕೇಳಿ ಕೊಳ್ಳಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣವಿರಲಿ.

ವರಮಹಾಲಕ್ಷ್ಮಿ ಹಬ್ಬದಲ್ಲಿ ಕಲಶದ ಮುಂದಿಡುವ ಬೆಳ್ಳಿ ರೂಪಾಯಿಗೆ ಈ ಯಾವ ನಿಯಮವೂ ಬೇಡ. ಅರಿಶಿನ ಕುಂಕುಮ ಕಂಡ ಆ ನಾಣ್ಯ ಮಾರಾಟಕ್ಕಲ್ಲ, ಮನೆಗೆ. ಅದರ ಬೆಲೆ ಅಂಕದಲ್ಲಿಲ್ಲ.

ಇನ್ನು ಆ ಹುಡುಗನ ವಿಷಯ. ಅವನನ್ನು ಗದರಬೇಕಾಗಿಲ್ಲ, ತಿಕ್ಕಿದ ಕಾಲಾಣೆಗಳನ್ನು ಎಸೆಯಬೇಕಾಗಿಯೂ ಇಲ್ಲ. ಒಂದನ್ನು ತಿಕ್ಕದ ಕಾಲಾಣೆಯ ಪಕ್ಕದಲ್ಲಿಟ್ಟು ಕೈಗೊಂದು ಭೂತಗನ್ನಡಿ ಕೊಟ್ಟರೆ, ಯಾವ ಪುಸ್ತಕವೂ ಕಲಿಸದ ಪಾಠ ಐದು ನಿಮಿಷದಲ್ಲಿ ತಲೆಗೆ ಹತ್ತುತ್ತದೆ. ಆಮೇಲೆ ಅಜ್ಜಿಯ ಪಕ್ಕ ಕೂತು, ಈ ಗಂಟು ಯಾರದು, ಈ ರೂಪಾಯಿ ಯಾವ ಸಂತೆಯಿಂದ ಬಂತು ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಲಿ. ತಿಕ್ಕಿ ಅಳಿಸಿದ್ದನ್ನು ಮತ್ತೆ ತರಲಾಗದು. ಅಜ್ಜಿಗೆ ಗೊತ್ತಿರುವುದನ್ನಾದರೂ ಉಳಿಸಿಕೊಳ್ಳಬಹುದು.