ಮೇಲಿನ ತರಗತಿಗೆ ತೇರ್ಗಡೆ: ಕಾರ್ಟ್ ಪಂದ್ಯದ ಭೌತಶಾಸ್ತ್ರ

ಕಳೆದ ಬೇಸಗೆಯಲ್ಲಿ ನಾವು ಕೆಲವು ವಿದ್ಯಾರ್ಥಿಗಳೊಡನೆ ಬೆಂಗಳೂರಿನ ಹೊರವಲಯದಲ್ಲಿರುವ ಒಂದು ಕಾರ್ಟ್ ಪಂದ್ಯದ ಹಾದಿಗೆ ಹೋಗಿದ್ದೆವು. ವೃತ್ತಚಲನೆಯ ಪಾಠವನ್ನು ಕರಿಹಲಗೆಯ ಮೇಲೆ ಎಷ್ಟು ಸಾರಿ ಮಾಡಿದರೂ ಕೇಂದ್ರಾಭಿಮುಖ ಬಲವೆಂಬುದು ಹುಡುಗರಿಗೆ ಪರೀಕ್ಷೆಯ ಒಂದು ಪ್ರಶ್ನೆಯಾಗಿಯೇ ಉಳಿದುಬಿಡುತ್ತದೆ. ಒಮ್ಮೆ ಅದನ್ನು ಕಣ್ಣಾರೆ ಕಾಣಲಿ ಎಂಬುದು ನಮ್ಮ ಎಣಿಕೆ. ಬೇಲಿಯ ಬಳಿ ನಿಂತಿದ್ದ ಗೃಹಸ್ಥರೊಬ್ಬರು, ನಾವು ಭೌತಶಾಸ್ತ್ರದ ಅಧ್ಯಾಪಕರೆಂದು ತಿಳಿದೊಡನೆ, ಹಾದಿಯಲ್ಲಿ ಸುತ್ತುತ್ತಿದ್ದ ತಮ್ಮ ಹನ್ನೆರಡು ವರುಷದ ಮಗನನ್ನು ತೋರಿಸಿ, “ಸಾರ್, ಈ ತರಗತಿಯಲ್ಲಿ ಇವನು ಎಲ್ಲರನ್ನೂ ಹಿಂದೆ ಹಾಕುತ್ತಿದ್ದಾನೆ. ಇನ್ನು ಮೇಲಿನ ತರಗತಿಗೆ ಸೇರಿಸಿಬಿಡಬಹುದಲ್ಲವೆ?” ಎಂದು ಕೇಳಿದರು. ಪ್ರಶ್ನೆ ಸುಲಭವೆಂದು ಕಂಡಿತು. ಉತ್ತರ ಹೇಳಹೊರಟಾಗ ಹಾಗಿರಲಿಲ್ಲ.

ಕಾರ್ಟು ಎಂಬುದು ಮೋಟಾರು ವಾಹನಗಳ ಪೈಕಿ ಅತ್ಯಂತ ಸರಳವಾದುದು. ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟು, ನಾಲ್ಕು ಪುಟ್ಟ ಚಕ್ರಗಳು, ಒಂದು ಆಸನ, ಅದರ ಪಕ್ಕದಲ್ಲಿ ಒಂದು ಎಂಜಿನ್. ಅಷ್ಟೆ. ಸ್ಪ್ರಿಂಗುಗಳಿಲ್ಲ, ಮುಚ್ಚಿಗೆಯಿಲ್ಲ, ಸೊಂಟಕ್ಕೆ ಕಟ್ಟುವ ಪಟ್ಟಿಯೂ ಇಲ್ಲ. ಇದನ್ನು ಮೊದಲು ಕಟ್ಟಿದವನು ಅಮೆರಿಕದ ಕ್ಯಾಲಿಫೋರ್ನಿಯದ ಆರ್ಟ್ ಇಂಗೆಲ್ಸ್, ವರುಷ 1956. ಪಂದ್ಯದ ಕಾರುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಆತ, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾದ ಟೂ-ಸ್ಟ್ರೋಕ್ ಎಂಜಿನನ್ನು ಕೊಳವೆಯ ಚೌಕಟ್ಟಿಗೆ ಕೂರಿಸಿ ಓಡಿಸಿದ. ಪಸಡೀನ ನಗರದ ರೋಸ್ ಬೌಲ್ ಕ್ರೀಡಾಂಗಣದ ಬಯಲಿನಲ್ಲಿ ಅದು ಓಡಿದ್ದನ್ನು ಕಂಡವರು ತಮಗೂ ಒಂದು ಬೇಕೆಂದರು. ವಿನೋದಕ್ಕೆಂದು ಹುಟ್ಟಿದ ಈ ಬಂಡಿ ಕೆಲವೇ ವರುಷಗಳಲ್ಲಿ ಪಂದ್ಯದ ಚಾಲಕರ ಪ್ರಾಥಮಿಕ ಶಾಲೆಯಾಯಿತು. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ 2018ರಲ್ಲಿ ಫಾರ್ಮ್ಯುಲಾ ಟೂ ಪಂದ್ಯಗಳನ್ನು ಓಡಿದ್ದು ಇದೇ ಶಾಲೆಯಲ್ಲಿ ಕಲಿತ ಮೇಲೆಯೇ.

ಶಾಲೆಯೆಂದ ಮೇಲೆ ತರಗತಿಗಳು ಇರಬೇಕಷ್ಟೆ. ಭಾರತದಲ್ಲಿ ರಾಷ್ಟ್ರೀಯ ಮಟ್ಟದಲ್ಲಿ ನಡೆಯುತ್ತ ಬಂದಿರುವ ರೋಟಾಕ್ಸ್ ಪಂದ್ಯಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮಕ್ಕಳಿಗೆ ಮೈಕ್ರೋ, ಅವರಿಗಿಂತ ದೊಡ್ಡವರಿಗೆ ಜೂನಿಯರ್, ಅನಂತರ ಸೀನಿಯರ್. ಮೂರರಲ್ಲಿಯೂ ಇರುವುದು ಆಸ್ಟ್ರಿಯದ ರೋಟಾಕ್ಸ್ ಕಾರ್ಖಾನೆಯ 125 ಘನ ಸೆಂಟಿಮೀಟರಿನ ಟೂ-ಸ್ಟ್ರೋಕ್ ಎಂಜಿನ್ನೇ ಎಂಬುದು ಸ್ವಾರಸ್ಯದ ಸಂಗತಿ. ವ್ಯತ್ಯಾಸವೆಲ್ಲ ಅದರ ಉಸಿರಾಟದಲ್ಲಿದೆ. ಸುಟ್ಟ ಅನಿಲ ಹೊರಹೋಗುವ ದಾರಿಯನ್ನು ಕಿರಿದುಮಾಡಿದರೆ ಹೊಸ ಅನಿಲಕ್ಕೆ ಒಳಗೆ ಸ್ಥಳ ಸಾಲದು, ಎಂಜಿನ್ ಬಡಕಲಾಗುತ್ತದೆ. ಹೀಗೆ ಮೈಕ್ರೋ ತರಗತಿಯಲ್ಲಿ ಸುಮಾರು 8 ಅಶ್ವಶಕ್ತಿ, ಜೂನಿಯರಿನಲ್ಲಿ ಸುಮಾರು 23, ನಿರ್ಗಮದ್ವಾರದಲ್ಲಿ ತಾನಾಗಿ ಏರಿಳಿಯುವ ಕವಾಟವುಳ್ಳ ಸೀನಿಯರಿನಲ್ಲಿ 30 ಅಥವಾ ಅದಕ್ಕೂ ತುಸು ಹೆಚ್ಚು. ಇವುಗಳಾಚೆಗೆ ಆರು ಗೇರುಗಳುಳ್ಳ 125 ಘನ ಸೆಂಟಿಮೀಟರಿನ ಕಾರ್ಟುಗಳುಂಟು. ಅವುಗಳ ಶಕ್ತಿ 45 ಅಶ್ವಶಕ್ತಿಗೂ ಮೇಲೆ. ಚಾಲಕನನ್ನೂ ಸೇರಿಸಿ ಮೈಕ್ರೋ ಕಾರ್ಟು ಸುಮಾರು 105 ಕಿಲೋಗ್ರಾಂ, ಸೀನಿಯರ್ 165 ತೂಗುತ್ತದೆಂದರೆ, ಪ್ರತಿ ಕಿಲೋಗ್ರಾಮಿಗೆ ಮೊದಲಿನದರಲ್ಲಿ 57 ವಾಟ್, ಎರಡನೆಯದರಲ್ಲಿ 136 ವಾಟ್ ದೊರಕುವಂತಾಯಿತು.

ವೇಗದ ತರಗತಿಗೆ ಹೋದರೆ ಎಲ್ಲೆಡೆಯೂ ವೇಗವಾಗಿ ಹೋಗಬಹುದೆಂದು ವಾಚಕರು ಊಹಿಸಬಹುದು. ಆ ದಿನ ನಮ್ಮ ವಿದ್ಯಾರ್ಥಿಗಳೂ ಹಾಗೆಯೇ ಊಹಿಸಿದ್ದರು. ಆದರೆ ತಿರುವಿನಲ್ಲಿ ಬಂಡಿಯನ್ನು ಒಳಕ್ಕೆ ಎಳೆಯತಕ್ಕ ಬಲವೆಂದರೆ ಟಯರಿಗೂ ನೆಲಕ್ಕೂ ನಡುವಣ ಘರ್ಷಣೆಯೊಂದೆ. ವೇಗದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿದರೆ ಬೇಕಾಗುವ ವೇಗೋತ್ಕರ್ಷ ಬರುತ್ತದೆ. ಘರ್ಷಣಾಂಕವನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿದರೆ ದೊರಕುವ ವೇಗೋತ್ಕರ್ಷ ಬರುತ್ತದೆ. ಇವೆರಡನ್ನೂ ಸರಿಸಮ ಮಾಡಿ ನೋಡಿ: ಬಂಡಿಯ ತೂಕ ಸಮೀಕರಣದಿಂದ ಬಿದ್ದುಹೋಗುತ್ತದೆ, ಎಂಜಿನ್ನಿನ ಶಕ್ತಿ ಅದರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಘರ್ಷಣಾಂಕ 1.5, ತಿರುವಿನ ತ್ರಿಜ್ಯ 20 ಮೀಟರ್ ಎಂದು ಇಟ್ಟುಕೊಂಡರೆ ಸಿಗುವ ವೇಗ ಸೆಕೆಂಡಿಗೆ 17 ಮೀಟರ್, ಅಂದರೆ ಗಂಟೆಗೆ ಸುಮಾರು 60 ಕಿಲೋಮೀಟರ್. ಮಗುವಿನ ಕಾರ್ಟಿಗೂ ಅಷ್ಟೆ, ದೊಡ್ಡವರ ಕಾರ್ಟಿಗೂ ಅಷ್ಟೆ. ಟಯರುಗಳ ಮೃದುತ್ವದಲ್ಲಿ ತರಗತಿಯಿಂದ ತರಗತಿಗೆ ವ್ಯತ್ಯಾಸವುಂಟು, ನಿಜ. ಆದರೆ ಘರ್ಷಣಾಂಕ ನೂರಕ್ಕೆ 10ರಷ್ಟು ಹೆಚ್ಚಿದರೆ ವರ್ಗಮೂಲದ ಕಾರಣದಿಂದ ವೇಗ ನೂರಕ್ಕೆ 5ರಷ್ಟು ಮಾತ್ರ ಹೆಚ್ಚೀತು.

ಹಾಗಾದರೆ ಮೇಲಿನ ತರಗತಿಯಲ್ಲಿ ಬದಲಾಗುವುದೇನು? ತಿರುವಿಗೆ ಬಂದು ಸೇರುವಾಗಿನ ವೇಗ. ನೇರ ಹಾದಿಯ ಕೊನೆಯಲ್ಲಿ ಮೈಕ್ರೋ ಕಾರ್ಟಿನ ವೇಗ ಗಂಟೆಗೆ 70 ಕಿಲೋಮೀಟರ್, ಜೂನಿಯರಿನದು 95, ಸೀನಿಯರಿನದು 110 ಎಂದು ಎಣಿಸೋಣ. ಎಲ್ಲರೂ 60ಕ್ಕೆ ಇಳಿಯಬೇಕು. ಈ ಕಾರ್ಟುಗಳಲ್ಲಿ ಬ್ರೇಕು ಇರುವುದು ಹಿಂದಿನ ಅಚ್ಚಿಗೆ ಮಾತ್ರ. ಬ್ರೇಕು ಹಾಕಿದೊಡನೆ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರವಾಗುವುದರಿಂದ, ಟಯರು ಎಷ್ಟೇ ಒಳ್ಳೆಯದಾಗಿದ್ದರೂ ಗುರುತ್ವ ವೇಗೋತ್ಕರ್ಷದ ಹತ್ತರಲ್ಲಿ ಆರು ಪಾಲಿಗಿಂತ ಬಹಳ ಹೆಚ್ಚಿನ ವೇಗಾಪಕರ್ಷ ಸಿಗುವುದಿಲ್ಲ. ಲೆಕ್ಕಕ್ಕೆ ಸೆಕೆಂಡಿಗೆ ಸೆಕೆಂಡಿಗೆ 6 ಮೀಟರ್ ಎಂದಿಟ್ಟುಕೊಳ್ಳಬಹುದು. ಆಗ ಮೈಕ್ರೋ ಕಾರ್ಟಿಗೆ ಬೇಕಾಗುವ ದೂರ ಸುಮಾರು 8 ಮೀಟರ್, ಜೂನಿಯರಿಗೆ 35, ಸೀನಿಯರಿಗೆ 55. ವೇಗ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾದಾಗ ಬ್ರೇಕಿನ ದೂರ ಆರೂವರೆ ಪಟ್ಟಾಯಿತು! ಈ ಲೆಕ್ಕವನ್ನು ವಿದ್ಯಾರ್ಥಿಗಳು ಸ್ವತಃ ಮಾಡಿ ನೋಡಬೇಕೆಂದು ನಮ್ಮ ಆಸೆ. ಚಲನೆಯ ಮೂರನೆಯ ಸಮೀಕರಣವೊಂದೇ ಸಾಕು.

8 ಮೀಟರ್ ಎಂದರೆ ಏನು? ಕಾಲನ್ನು ಆಕ್ಸಿಲರೇಟರಿನಿಂದ ಎತ್ತಿ ಬ್ರೇಕಿಗೆ ಒಮ್ಮೆ ತಾಗಿಸಿದರೆ ಮುಗಿಯಿತು. 55 ಮೀಟರ್ ಹಾಗಲ್ಲ. ಅದೊಂದು ಪ್ರತ್ಯೇಕ ಕೆಲಸ. ಎಲ್ಲಿ ಆರಂಭಿಸಬೇಕು, ಎಷ್ಟು ಒತ್ತಬೇಕು, ಯಾವಾಗ ಸಡಿಲಿಸಬೇಕು ಎಂಬ ಮೂರೂ ಅದರಲ್ಲಿವೆ. ಅತಿಯಾಗಿ ಒತ್ತಿದರೆ ಹಿಂದಿನ ಚಕ್ರಗಳು ನಿಂತುಹೋಗಿ ಬಂಡಿ ಬಾಲ ತಿರುಗಿಸುತ್ತದೆ. ಕಣ್ಣು ಕಂಡು ಕಾಲು ಚಲಿಸುವಷ್ಟರಲ್ಲಿ ಕಾಲು ಸೆಕೆಂಡು ಕಳೆಯುವುದೆಂದರೂ, 110ರ ವೇಗದಲ್ಲಿ ಆಗಲೇ ಏಳೂವರೆ ಮೀಟರ್ ಹೋಗಿಬಿಟ್ಟಿರುತ್ತದೆ. ಮೈಕ್ರೋ ಚಾಲಕ ಇಡೀ ಬ್ರೇಕಿನ ಕೆಲಸವನ್ನೇ ಮುಗಿಸುವಷ್ಟು ದೂರ ಅದು. ತಪ್ಪಿದರೆ ಏನಾಗುವುದೆಂಬುದನ್ನು ಚಲನಶಕ್ತಿ ಹೇಳುತ್ತದೆ. 70ರಲ್ಲಿ ಓಡುವ 105 ಕಿಲೋಗ್ರಾಮಿನ ಬಂಡಿಯಲ್ಲಿ ಸುಮಾರು 20,000 ಜೂಲ್, 110ರಲ್ಲಿ ಓಡುವ 165 ಕಿಲೋಗ್ರಾಮಿನದರಲ್ಲಿ 77,000. ಹಾದಿಯ ಅಂಚಿನಲ್ಲಿ ಜೋಡಿಸಿದ ಟಯರುಗಳ ಗೋಡೆ ಇಷ್ಟನ್ನೂ ನುಂಗಬೇಕು. ಉಳಿದುದನ್ನು ಹುಡುಗನ ಮೈ ನುಂಗುತ್ತದೆ.

ಕೆಳಗಿನ ತರಗತಿ ಕಲಿಸುವ ಪಾಠ ಬೇರೆ. 60ರಲ್ಲಿ ಓಡುವಾಗ ತಪ್ಪು ದಾರಿ ಹಿಡಿದು ಗಂಟೆಗೆ 5 ಕಿಲೋಮೀಟರಿನಷ್ಟು ವೇಗವನ್ನು ಕಳೆದುಕೊಂಡರೆ, ಎಂಜಿನ್ನಿನ ಪೂರ್ಣ ಶಕ್ತಿ ದೊರೆತರೂ ಅದನ್ನು ಮರಳಿ ಗಳಿಸಲು ಮೈಕ್ರೋ ಕಾರ್ಟಿಗೆ ಸುಮಾರು 0.4 ಸೆಕೆಂಡು, ಸೀನಿಯರಿಗೆ 0.17 ಸೆಕೆಂಡು ಬೇಕು. ಗಾಳಿಯ ತಡೆಯನ್ನೂ ಸರಪಳಿಯ ನಷ್ಟವನ್ನೂ ಸೇರಿಸಿದರೆ ಬಡವನ ಸ್ಥಿತಿ ಇನ್ನೂ ಕಷ್ಟ. ಆದುದರಿಂದ ಮೈಕ್ರೋ ಚಾಲಕನು ವೇಗವನ್ನು ಜಿಪುಣನಂತೆ ಕಾಪಾಡುತ್ತಾನೆ: ತಿರುವಿನ ತ್ರಿಜ್ಯ ಆದಷ್ಟು ದೊಡ್ಡದಾಗುವಂತೆ ಹೊರ ಅಂಚಿನಿಂದ ಒಳ ಅಂಚಿಗೆ, ಮತ್ತೆ ಹೊರ ಅಂಚಿಗೆ ಬಂಡಿಯನ್ನು ಹಾಯಿಸುತ್ತಾನೆ, ಚಕ್ರವನ್ನು ಬೇಕಾದಷ್ಟೇ ತಿರುಗಿಸುತ್ತಾನೆ. ಹೆಚ್ಚು ಶಕ್ತಿಯಿರುವವನು ಇದೇ ತಪ್ಪನ್ನು ಮಾಡಿದರೆ ಎಂಜಿನ್ ಅದನ್ನು ಮುಚ್ಚಿಹಾಕುತ್ತದೆ, ಅವನಿಗೆ ತಿಳಿಯುವುದೇ ಇಲ್ಲ. ಬೇಗನೆ ಮೇಲಕ್ಕೆ ಹೋದ ಹುಡುಗನು ಈ ಜಿಪುಣತನವನ್ನು ಅನಂತರ ಕಲಿಯುವುದು ಬಹಳ ಅಪರೂಪವೆಂದು ನಮಗೆ ತೋರುತ್ತದೆ. ಬಹಳ ಕಾಲ ಕೆಳಗೇ ಉಳಿದವನಿಗೆ ಬ್ರೇಕಿನ ಅಭ್ಯಾಸ ತಡವಾಗುತ್ತದೆ ಎಂಬುದನ್ನೂ ಅಲ್ಲಗಳೆಯಲಾಗದು. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಎರಡನೆಯ ಕೊರತೆಯೇ ವಾಸಿ.

ಇನ್ನು ಕಾರ್ಟಿನ ಒಂದು ವಿಚಿತ್ರವನ್ನು ಹೇಳದೆ ಮುಂದುವರಿಯಲಾಗದು. ಮೋಟಾರು ಕಾರಿನಲ್ಲಿ ಹಿಂದಿನ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗುವಂತೆ ಡಿಫರೆನ್ಷಿಯಲ್ ಎಂಬ ಗೇರಿನ ಏರ್ಪಾಡು ಉಂಟು. ಕಾರ್ಟಿನಲ್ಲಿ ಅದಿಲ್ಲ, ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಅಚ್ಚಿಗೆ ಬಿಗಿದಿರುತ್ತಾರೆ. ಅರ್ಧವೃತ್ತದ ತಿರುವೊಂದನ್ನು ಸುತ್ತುವಾಗ, ಚಕ್ರಗಳ ನಡುವಣ ಅಂತರ 1.2 ಮೀಟರ್ ಎಂದರೆ, ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 3.8 ಮೀಟರ್ ಹೆಚ್ಚು ಓಡಬೇಕು. ಒಂದೇ ಅಚ್ಚಿನಲ್ಲಿ ಇದು ಆಗುವುದೆಂತು? ಒಂದು ಚಕ್ರ ಜಾರಬೇಕು, ಇಲ್ಲವೆ ನೆಲವನ್ನು ಬಿಡಬೇಕು. ಮುಂಚಕ್ರಗಳ ತಿರುಗಣೆಯ ಗೂಟಗಳನ್ನು ಹಿಂದಕ್ಕೆ ವಾಲಿಸಿ ಕೂರಿಸಿರುವುದರಿಂದ, ಸ್ಟಿಯರಿಂಗ್ ತಿರುಗಿಸಿದೊಡನೆ ಒಳಗಿನ ಮುಂಚಕ್ರ ಚೌಕಟ್ಟಿಗಿಂತ ಕೆಳಕ್ಕೂ ಹೊರಗಿನದು ಮೇಲಕ್ಕೂ ಸರಿಯುತ್ತವೆ. ಕುಂಟುವ ಮೇಜಿನಂತೆ ಬಂಡಿ ಓರೆಯಾಗಿ, ಒಳಗಿನ ಹಿಂಚಕ್ರ ಕೂದಲೆಳೆಯಷ್ಟು ಮೇಲೇಳುತ್ತದೆ. ಬಂಡಿ ಮೂರು ಚಕ್ರಗಳ ಮೇಲೆ ತಿರುಗುತ್ತದೆ! ಬೇಲಿಯ ಬಳಿ ಕುಳಿತು ನೋಡಿದಾಗ ಆ ಚಕ್ರದ ಕೆಳಗೆ ಒಂದು ಕ್ಷಣ ಬೆಳಕು ಕಂಡು ನಮ್ಮ ಹುಡುಗರು ಕೂಗಿಕೊಂಡರು.

ಸ್ಪ್ರಿಂಗುಗಳಿಲ್ಲದ ಈ ಬಂಡಿಯಲ್ಲಿ ಚೌಕಟ್ಟೇ ಸ್ಪ್ರಿಂಗು. ತಿರುವಿನ ಬಲಕ್ಕೆ ಅದು ಬಾಗಿ, ಚಕ್ರವನ್ನು ಎತ್ತಿ, ಹೊರಬರುವಾಗ ಮೆಲ್ಲನೆ ಇಳಿಸಬೇಕು. ಚಕ್ರ ಎದ್ದಿರದಿದ್ದರೆ ಬಂಡಿ ಮೂಗು ತಿರುಗಿಸದೆ ನೇರಕ್ಕೆ ತಳ್ಳುತ್ತದೆ. ಬಹಳ ಹೊತ್ತು ಎದ್ದೇ ಇದ್ದರೆ ಹಿಡಿತ ಹೆಚ್ಚಿದ ಹಾದಿಯಲ್ಲಿ ಕುಪ್ಪಳಿಸುತ್ತದೆ. ಮೇಲಿನ ತರಗತಿಗೆ ಹೋದ ಚಾಲಕ ಈ ಏಳುವ ಬೀಳುವ ಹದವನ್ನು ಹೊಸದಾಗಿ ಕಲಿಯಬೇಕು. ಮುಂಚಿತವಾಗಿ ಆಕ್ಸಿಲರೇಟರನ್ನು ಒತ್ತುವ ಮೈಕ್ರೋ ಅಭ್ಯಾಸವನ್ನು ಇಲ್ಲಿ ನಡೆಸಿದರೆ ಎತ್ತಿದ ಚಕ್ರ ಇಳಿಯುವ ಮೊದಲೇ ಒಂದೇ ಟಯರಿನ ಮೇಲೆ ಮೂರರಷ್ಟು ಶಕ್ತಿ ಬಿದ್ದು ಬಂಡಿ ಜಾರುತ್ತದೆ.

ಚಾಲಕನ ದೇಹದ ಮಾತು. ಕಾರ್ಟಿನಲ್ಲಿ ಅತ್ಯಂತ ಭಾರವಾದ ಒಂದೇ ಬಿಡಿಭಾಗ ಚಾಲಕನೇ. ತಲೆ ಮತ್ತು ಶಿರಸ್ತ್ರಾಣ ಸೇರಿ ಸುಮಾರು 6 ಕಿಲೋಗ್ರಾಂ ಎಂದರೆ ಮೇಲಿನ ಲೆಕ್ಕದ ತಿರುವಿನಲ್ಲಿ ಅದು 9 ಕಿಲೋಗ್ರಾಂ ತೂಕದಂತೆ ಪಕ್ಕಕ್ಕೆ ಎಳೆಯುತ್ತದೆ; ಒಂದು ಸುತ್ತಿನಲ್ಲಿ ಹತ್ತು ಸಲ, ಪಂದ್ಯದಲ್ಲಿ ನೂರಾರು ಸಲ. ಪಕ್ಕೆಲುಬುಗಳು ಆಸನದ ಅಂಚಿಗೆ ಒತ್ತುವುದರಿಂದ ಚಾಲಕರು ಅಂಗಿಯೊಳಗೆ ಪಕ್ಕೆಕವಚ ತೊಡುತ್ತಾರೆ. ಬೆಳೆಯುತ್ತಿರುವ ಎಲುಬಿಗೆ ಇದು ಸಣ್ಣ ಮಾತಲ್ಲ.

ತೂಕದ ನಿಯಮವೂ ಹುಡುಗರನ್ನು ಕಾಡುತ್ತದೆ. ಪ್ರತಿ ತರಗತಿಗೂ ಚಾಲಕನನ್ನು ಸೇರಿಸಿ ಕನಿಷ್ಠ ತೂಕ ಗೊತ್ತುಮಾಡಿರುತ್ತಾರೆ. ಅದು 145 ಕಿಲೋಗ್ರಾಂ, ಕಾರ್ಟಿನ ತೂಕ 85, ಉಡುಪಿನೊಡನೆ ಹುಡುಗನದು 42 ಎನ್ನಿ. ಉಳಿದ 18 ಕಿಲೋಗ್ರಾಮಿಗೆ ಸೀಸದ ಹಲಗೆಗಳನ್ನು ಆಸನಕ್ಕೆ ಬೋಲ್ಟು ಹಾಕಿ ಬಿಗಿಯಬೇಕು. ತೂಕ ಸರಿಯಾಯಿತು, ನ್ಯಾಯವೂ ಸಿಕ್ಕಿತೆಂದು ತೋರುತ್ತದೆ. ಆದರೆ ಸೀಸವನ್ನು ಕೆಳಗೆ ಬಿಗಿದರೆ ಗುರುತ್ವ ಕೇಂದ್ರ ತಗ್ಗಿ ಒಳಚಕ್ರ ಏಳಲೊಲ್ಲದು. ಮೇಲೆ ಬಿಗಿದರೆ ಏಳುತ್ತದೆ, ಆದರೆ ಆಸನ ಬಿರುಕು ಬಿಡುವ ಭಯ. ಭಾರದ ಹುಡುಗ ತನ್ನ ಮೈಯನ್ನು ವಾಲಿಸಿ ಬಂಡಿಗೆ ನೆರವಾಗುತ್ತಾನೆ. ಸೀಸ ವಾಲುವುದಿಲ್ಲ.

ಮೇಲಿನ ತರಗತಿಯ ಬಿರುದೇ ಎಲ್ಲವೂ ಅಲ್ಲವೆಂಬುದಕ್ಕೆ ಒಂದು ಸಂಗತಿ: ಮೂರು ಸಲ ಫಾರ್ಮ್ಯುಲಾ ಒನ್ ವಿಶ್ವ ಪ್ರಶಸ್ತಿಯನ್ನು ಗೆದ್ದ ಬ್ರೆಜಿಲಿನ ಅಯರ್ಟನ್ ಸೆನ್ನಾ ಕಾರ್ಟಿನ ವಿಶ್ವ ಪ್ರಶಸ್ತಿಯನ್ನು ಎಂದೂ ಗೆಲ್ಲಲಿಲ್ಲ. 1979 ಮತ್ತು 1980ರಲ್ಲಿ ಅವನಿಗೆ ಸಿಕ್ಕಿದ್ದು ಎರಡನೆಯ ಸ್ಥಾನ.

ಆ ಗೃಹಸ್ಥರಿಗೆ ನಾವು ಇಷ್ಟನ್ನೆಲ್ಲ ಹೇಳಲಿಲ್ಲ. ಅವರ ಮಗ ಶಿರಸ್ತ್ರಾಣವನ್ನು ಕೈಯಲ್ಲಿ ಹಿಡಿದು, ಬೆವರಿ ಬಂದ ಮೇಲೆ, ನೇರ ಹಾದಿಯ ಕೊನೆಯ ತಿರುವನ್ನು ತೋರಿಸಿ, “ಅಲ್ಲಿ ಬ್ರೇಕನ್ನು ಎಲ್ಲಿಂದ ಹಾಕುತ್ತೀಯಪ್ಪ?” ಎಂದು ಕೇಳಿದೆವು. ಹುಡುಗ ಸ್ವಲ್ಪ ಯೋಚಿಸಿ, “ಅಲ್ಲಿ ಬ್ರೇಕೇ ಹಾಕೋದಿಲ್ಲ ಸಾರ್, ಕಾಲು ಎತ್ತಿದರೆ ಸಾಕು” ಎಂದ. ತಂದೆಯವರು ಅವನ ಮುಖವನ್ನೂ ತಿರುವನ್ನೂ ಒಂದೆರಡು ಸಲ ನೋಡಿದರು. ಆ ಋತುವಿನ ಪಂದ್ಯಗಳನ್ನು ಅವನು ಮೈಕ್ರೋ ತರಗತಿಯಲ್ಲೇ ಮುಗಿಸಿದನೆಂದೂ, ಭಾನುವಾರ ಬೆಳಗ್ಗೆ ಹಾದಿ ಖಾಲಿಯಿರುವಾಗ ಬಾಡಿಗೆಯ ಜೂನಿಯರ್ ಕಾರ್ಟಿನಲ್ಲಿ ಆ ಒಂದೇ ತಿರುವಿಗೆ ಬ್ರೇಕು ಹಾಕುವುದನ್ನು ಅಭ್ಯಾಸ ಮಾಡುತ್ತಿದ್ದನೆಂದೂ ಅನಂತರ ತಿಳಿಯಿತು.